ಕೆಂಬಾಲದ ಹಕ್ಕಿಯ ಗೂಡು

ಆಲ್ಪ್ಸ್ ಬೆಟ್ಟಗಳ ನಡುವಿನ ತಿರೋಲಿನ ನಮ್ಮ ಕಣಿವೆಗೆ ಚಳಿ ಮುಗಿದಾಗ ದಕ್ಷಿಣದಿಂದ ಕೆಂಬಾಲದ ಪುಟ್ಟ ಹಕ್ಕಿ ಬರುತ್ತದೆ. ಅದು ಕೊಟ್ಟಿಗೆಯ ಜಂತೆಯಲ್ಲಿ ಗೂಡು ಕಟ್ಟಿದರೆ ಆ ಮನೆಗೆ ಸಿಡಿಲು ಬಡಿಯುವುದಿಲ್ಲ. ಗೂಡು ಕಿತ್ತರೆ ಹಸು ರಕ್ತದ ಹಾಲು ಕೊಡುತ್ತದೆ. ನಮ್ಮಲ್ಲಿ ಇದನ್ನು ಅನುಮಾನಿಸುವವರಿಲ್ಲ.

ಆ ಮೇ ತಿಂಗಳಲ್ಲಿ ಪಕ್ಕದ ಮನೆಯ ಒತಿಲಿಯಾ ಹಾಲು ಕರೆಯುತ್ತಿದ್ದಾಗ ಬಕೆಟ್ಟಿನಲ್ಲಿ ಕೆಂಪು ಎಳೆ ತೇಲಿತು. ಹುಡುಕಿದರೆ ಗೂಡು ತಿಪ್ಪೆಯಲ್ಲಿತ್ತು, ಮೊಟ್ಟೆಗಳು ಒಡೆದಿದ್ದವು.

"ಯಾರದು ಈ ಕೆಲಸ?" ಎಂದು ಅವಳು ಕೂಗಿದ್ದು ನಮ್ಮ ಅಂಗಳಕ್ಕೂ ಕೇಳಿಸಿತು. ನಾನು ಬೇಲಿಯ ಹತ್ತಿರ ಹೋದೆ.

ಅವಳ ಮಗ ಕಾಸಿಯಾನ್ ನೆಲ ನೋಡುತ್ತಾ ಹೇಳಿದ, "ಕೊಟ್ಟಿಗೆ ಗುಡಿಸೋಳು ಝೆನ್ಸಿ ತಾನೆ."

ಝೆನ್ಸಿ ಬೆಟ್ಟದ ಆಚೆಯವಳು, ಮನೆಗೆಲಸಕ್ಕೆ ಬಂದ ಹುಡುಗಿ.

"ಅಮ್ಮಾ, ನಾನು ಮುಟ್ಟಿಲ್ಲ. ತಾಯಿಹಕ್ಕಿ ಕಾವಿಗೆ ಕೂತಿದೆ ಅಂತ ಬಕೆಟ್ಟನ್ನೂ ಸದ್ದಾಗದ ಹಾಗೆ ಇಡ್ತಿದ್ದೆ."

"ಸುಳ್ಳಿ! ನಿಮ್ಮೂರಲ್ಲಿ ದೇವರು ದಿಂಡರು ಇಲ್ವೇನೆ? ನಡಿ ಆಚೆ!"

ಅಪಶಕುನದ ಹುಡುಗಿಯನ್ನು ಬೇರೆ ಯಾರೂ ಒಳಗೆ ಸೇರಿಸಲಿಲ್ಲ. ನಮ್ಮ ಮನೆಗೆ ಬಾ ಎಂದೆ. "ಬೇಡ ಅಕ್ಕ, ನಿಮಗೂ ಮಾತು ಬರತ್ತೆ" ಎಂದು ತನ್ನೂರಿಗೆ ಬೆಟ್ಟದ ದಾರಿ ಹಿಡಿದಳು. ಮಧ್ಯಾಹ್ನಕ್ಕೆ ಬೆಟ್ಟದ ಮೇಲೆ ಅಕಾಲದ ಹಿಮ ಸುರಿಯತೊಡಗಿತು. ಅದು ನಿಂತ ಮೇಲೆ ಕುರುಬರು ಅವಳನ್ನು ಹೊತ್ತು ತಂದರು.

ಹೆಣ ತೊಳೆದವಳು ನಾನೇ. ಒತಿಲಿಯಾ ಹೊಸ ಬಟ್ಟೆ ತಂದು ಝೆನ್ಸಿಯ ತಲೆ ಬಾಚುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಕಾಸಿಯಾನ್ ಹೇಳಿಬಿಟ್ಟ.

"ಅಮ್ಮ, ಗೂಡು ಕಿತ್ತಿದ್ದು ನಾನು. ಜಂತೆ ರಿಪೇರಿಗೆ ಅಡ್ಡ ಬಂತು ಅಂತ."

ಒತಿಲಿಯಾಳ ಬಾಚಣಿಗೆ ನಿಲ್ಲಲಿಲ್ಲ. "ಬಾಯಿ ಮುಚ್ಚು. ಊರಿಗೆ ಕೇಳಿಸತ್ತೆ."

ಅವನು ಬಾಯಿ ಮುಚ್ಚಲಿಲ್ಲ. ಭಾನುವಾರ ಚರ್ಚಿನ ಮುಂದೆ ಎಲ್ಲರಿಗೂ ಹೇಳಿದ. ಜನ ಹಕ್ಕಿಯ ಮೊಟ್ಟೆಗಳಿಗಾಗಿ ಅವನನ್ನು ಬೈದರು. ಹುಡುಗಿಯ ವಿಷಯಕ್ಕೆ, "ಹೋದೋಳು ಹೋದಳು, ಏನ್ಮಾಡೋಕಾಗತ್ತೆ" ಎಂದು ಚದುರಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಕಾಸಿಯಾನ್ ಬೆಟ್ಟ ದಾಟಿ ಝೆನ್ಸಿಯ ಅಪ್ಪನ ಮುಂದೆ ನಿಂತನಂತೆ. ಮುದುಕ ಸೌದೆ ಒಡೆಯುತ್ತಿದ್ದ. ಪೂರ್ತಿ ಕೇಳಿಸಿಕೊಂಡ. ಕೊಡಲಿ ಎತ್ತಿದಾಗ ಕಾಸಿಯಾನ್ ಕಣ್ಣು ಮುಚ್ಚಿ ನಿಂತನಂತೆ.

ಮುದುಕ ಕೊಡಲಿಯನ್ನು ಅವನ ಕೈಗೆ ಕೊಟ್ಟ. "ನನ್ನ ಮಗಳು ಸುಗ್ಗಿ ಕೆಲಸಕ್ಕೆ ಬರ್ಬೇಕಿತ್ತು. ಒಡಿ."

ಅವನು ಅಲ್ಲೇ ಉಳಿದ. ಒತಿಲಿಯಾ ಎಷ್ಟೋ ಸಲ ಹೇಳಿ ಕಳಿಸಿದಳು, ಕೊನೆಗೆ ತಾನೇ ಹೋಗಿ ಅತ್ತಳು, ಬರಲಿಲ್ಲ. ಮುದುಕ ಅವನಿಗೆ ಹೊತ್ತುಹೊತ್ತಿಗೆ ಊಟ ಬಡಿಸುತ್ತಾನಂತೆ. ಹೆಸರು ಹಿಡಿದು ಮಾತ್ರ ಇವತ್ತಿಗೂ ಕರೆದಿಲ್ಲ.