ತೊಳೆದ ಬಾಯಿ

ಮಧ್ಯಾಹ್ನ ಹಿತ್ತಲಿನಿಂದ ಬಂದ ನಾಯಿಯ ಬಾಯಿ ಒದ್ದೆಯಾಗಿತ್ತು. ಬರೀ ಒದ್ದೆಯಾಗಿದ್ದರೆ ಕಾಂತಾ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಎಲ್ಲೋ ನೀರು ಕುಡಿದಿರಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದಳು. ಆದರೆ ಅದರ ಬಾಯಿಗೆ ಸಾಬೂನಿನ ವಾಸನೆ ಇತ್ತು. ನಾಯಿ ತಾನಾಗಿ ಸಾಬೂನು ಹಚ್ಚಿ ಮುಖ ತೊಳೆದುಕೊಳ್ಳುವುದುಂಟೇ? ಯಾರೋ ತೊಳೆದಿದ್ದಾರೆ. ತೊಳೆಯಬೇಕಾದರೆ ಬಾಯಿಗೆ ಏನೋ ಮೆತ್ತಿರಬೇಕು. ಮೆತ್ತಿದ್ದು ಏನಿರಬಹುದು ಎಂದು ಕಾಂತಾ ಅದರ ಮೂತಿ ಎತ್ತಿ ಮತ್ತೊಮ್ಮೆ ಮೂಸಿ ನೋಡಿದಳು.

ನಾಯಿಯ ಹೆಸರು ಕುಂದಾ. ಬಣ್ಣವೂ ಹಾಲು ಕಾಯಿಸಿ ಮಾಡುವ ಆ ಸಿಹಿ ಕುಂದಾದ್ದೇ, ಗಾತ್ರವೋ ಸಂತೆಯ ಚೀಲದಲ್ಲಿ ಹಿಡಿಸುವಷ್ಟು. ಬೆಳಗಾವಿ ಕ್ಯಾಂಪಿನ ಆ ಹಳೇ ಮನೆಯಲ್ಲಿ ಅದು ಶುದ್ಧ ಶಾಕಾಹಾರಿ. ಬೆಳಿಗ್ಗೆ ಗಂಡ ಬಾಳಪ್ಪ ಲಿಂಗಪೂಜೆ ಮುಗಿಸಿ, ಖಡೇಬಜಾರದ ಬಟ್ಟೆ ಅಂಗಡಿಗೆ ಹೊರಡುವ ಮುನ್ನ, ಪ್ರಸಾದದ ಬಾಳೆಹಣ್ಣಿನ ಚೂರನ್ನು ಅದಕ್ಕೆ ಕೈಯಾರೆ ತಿನ್ನಿಸಬೇಕು. ತಿಂದ ಮೇಲೆ ಅದು ಅವನ ಕೈ ನೆಕ್ಕಬೇಕು, ಆಮೇಲೆ ಕಾಂತಾಳ ಗಲ್ಲ. ನಮ್ಮ ಕುಂದಾನಿಗೆ ತತ್ತಿಯ ವಾಸನೆ ಕೂಡ ಆಗುವುದಿಲ್ಲ ಎಂದು ಕಾಂತಾ ಓಣಿಗೆಲ್ಲ ಹೇಳಿಕೊಂಡು ಬಂದವಳು. ಹೇಳುವಾಗ ದನಿ ತುಸು ಏರುತ್ತಿತ್ತು ಎಂಬುದೂ ಸುಳ್ಳಲ್ಲ.

ಮನೆಯ ಹಿಂಭಾಗದಲ್ಲಿ ಬಾಡಿಗೆಗೆ ಇದ್ದವಳು ತರನ್ನುಮ. ಅವಳ ಗಂಡ ಇಶ್ತಿಯಾಕ ಆಟೋ ನಗರದ ಗ್ಯಾರೇಜೊಂದರಲ್ಲಿ ಲಾರಿ ರಿಪೇರಿ ಮಾಡುವವನು, ದಿನಾ ಬೆಳಿಗ್ಗೆ ಊಟದ ಡಬ್ಬಾ ಗಾಡಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದ. ಮನೆಯಲ್ಲಿ ಹೊಸಿಲು ದಾಟದ ಒಂದು ಬಿಳಿ ಬೆಕ್ಕಿತ್ತು. ಹೊರಗೆ ಬಾರದ ಬೆಕ್ಕು ಎಲ್ಲಿ ಏನು ಮಾಡುತ್ತದೆ ಎಂದು ಕಾಂತಾ ಎಂದೂ ವಿಚಾರಿಸಿದವಳಲ್ಲ. ಅವಳು ಆ ಹೊಸಿಲು ದಾಟಿ ಒಳಗೆ ಹೋದವಳೂ ಅಲ್ಲ. ಹಾಗೆಂದು ಇಬ್ಬರ ನಡುವೆ ಅಕ್ಕರೆಗೇನೂ ಕಡಿಮೆ ಇರಲಿಲ್ಲ. ಹಿಂದಿನ ವರ್ಷ ಕಾಂತಾ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಾಗ, ಕೈ ಕೂಡುವ ತನಕ ದಿನಾ ಬಂದು ಹೆರಳು ಹಾಕಿ ಹೋದವಳು ಈ ತರನ್ನುಮಳೇ.

ಅನುಮಾನ ಒಂದು ಸಲ ಹೊಕ್ಕಿತೆಂದರೆ ಮುಗಿಯಿತು, ಹೆರಳು ಹಾಕಿದ ಕೈಯೂ ಕಳ್ಳಕೈಯಾಗಿ ಕಾಣುತ್ತದೆ. ಕಾಂತಾ ಹಿಂದಿನದನ್ನೆಲ್ಲ ಕೆದಕತೊಡಗಿದಳು. ಮೊನ್ನೆ ಮೊನ್ನೆ ತರನ್ನುಮ ಒಂದು ಹಲಗೆ ಹಿಡಿದು ಬಂದು, ಒಳಗೋಡೆಗೆ ಇದನ್ನು ಬಡಿಯಲೇ ಎಂದು ಕೇಳಿದ್ದಳು. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಕೂಡದು ಎಂಬುದು ಕಾಂತಾಳ ಕಾನೂನು. ಏನಿಡಲಿಕ್ಕೆ ಹಲಗೆ ಎಂದು ಕೇಳಿದರೆ ತರನ್ನುಮ ತಡವರಿಸಿ, ಸುಮ್ಮನೆ ಏನೋ ಸಾಮಾನು ಎಂದಿದ್ದಳು. ಹೆಸರು ಹೇಳಲಾಗದ ಸಾಮಾನು ಎಂಥದ್ದು?

ಮರುದಿನದಿಂದ ಕಾಂತಾ ಮಧ್ಯಾಹ್ನದ ನಿದ್ದೆ ಬಿಟ್ಟು ಅಡುಗೆಮನೆಯ ಕಿಟಕಿಯ ಹಿಂದೆ ಕುಳಿತಳು. ಕುಂದಾ ಬಾಲ ಅಲ್ಲಾಡಿಸುತ್ತ ಹಿಂದಿನ ಮನೆಗೆ ಹೋಯಿತು. ಒಳಗೆ ಏನೋ ದಡಬಡ, ಛೀ ಥೂ ಎಂಬ ಸದ್ದು, ಆಮೇಲೆ ನೀರು ಸುರಿದ ಸದ್ದು. ಕುಂದಾ ಒದ್ದೆ ಬಾಯಿ ಹೊತ್ತು ಹೊರಗೆ ಬಂತು. ತುಸು ಹೊತ್ತಿಗೆ ತರನ್ನುಮ ಬೇರೆ ಬಟ್ಟೆಯುಟ್ಟು ಬಂದು, ಬೆಳಿಗ್ಗೆ ತೊಟ್ಟಿದ್ದ ಚೂಡಿದಾರವನ್ನು ಹಿಂಡಿ ತಂತಿಗೆ ಹಾಕಿದಳು. ಮಧ್ಯಾಹ್ನದಲ್ಲಿ ಬಟ್ಟೆ ಬದಲಿಸುವಂಥ ಕೆಲಸ ಏನಿರುತ್ತದೆ? ಮಸಾಲೆ ಸಿಡಿದಿರಬೇಕು ಎಂದು ಕಾಂತಾ ತಾನೇ ಉತ್ತರ ಕೊಟ್ಟುಕೊಂಡಳು. ಆ ಸಂಜೆ ಕುಂದಾ ಹಾಲು-ರೊಟ್ಟಿ ಮೂಸಿ ನೋಡಿ ಹಾಗೇ ಬಿಟ್ಟಿತು.

ಕೊನೆಗೆ ಸಾಕ್ಷಿಯೇ ಸಿಕ್ಕಿತು. ತರನ್ನುಮ ಹಿತ್ತಲಲ್ಲಿ ನಿಂತು ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು: "ಕುತ್ತಾ ಫಿರ್ ಡಬ್ಬಾ ಖಾಲಿ ಕರ್ ದಿಯಾ. ಕಾಕು ಕು ಮಾಲೂಮ್ ನಕ್ಕೋ ಹೋನಾ." ನಾಯಿ ಮತ್ತೆ ಡಬ್ಬಾ ಖಾಲಿ ಮಾಡಿತು, ಕಾಕುವಿಗೆ, ಅಂದರೆ ಕಾಂತಾಳಿಗೆ, ಗೊತ್ತಾಗುವುದು ಬೇಡ. ಖಾನಾಪುರದಲ್ಲಿ ಮರಾಠಿ ಕೇಳುತ್ತ ಬೆಳೆದು ಕ್ಯಾಂಪಿನಲ್ಲಿ ಉರ್ದು ಕೇಳುತ್ತ ಬಾಳ್ವೆ ಮಾಡಿದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಶ್ತಿಯಾಕನ ಊಟದ ಡಬ್ಬಾ. ಅದರೊಳಗಿನ ಮಟನ್ನು. ಮತ್ತು ಬೆಳಿಗ್ಗೆ ಪ್ರಸಾದ ತಿನ್ನುವ ಬಾಯಿ.

ಬಾಳಪ್ಪನಿಗೆ ಹೇಳಿದರೆ ಅವನು, ನಾಯಿಯಲ್ಲವೇ, ತಿಂದರೆ ತಿನ್ನಲಿ ಬಿಡು ಎಂದು ಹೊರಳಿ ಮಲಗಿದ. ಕಾಂತಾ ಬೆಳಗಾಗುತ್ತಲೇ ಹಿತ್ತಲಿಗೆ ಹೋದಳು.

"ಕುಂದಾಗ ನೀ ಏನರ ತಿನ್ನಸ್ತಿಯೇನು?"

"ಇಲ್ರೀ ಕಾಕು. ನಾ ಏನೂ ತಿನ್ನಸಿಲ್ಲ."

"ಹಂಗಾರ ಅದರ ಬಾಯಿ ಯಾಕ ತೊಳಿತಿ?"

ತರನ್ನುಮ ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎನ್ನುತ್ತ ಒಳಗೆ ತಿರುಗಿದಳು. ಕಾಂತಾಳಿಗೆ ಅಷ್ಟೇ ಸಾಕಾಯಿತು. ಈ ತಿಂಗಳು ಮುಗಿಯುವುದರೊಳಗೆ ಬೇರೆ ಮನೆ ನೋಡಿಕೊಳ್ಳಿ ಎಂದಳು.

ಅವರು ಖಾಲಿ ಮಾಡುವ ತನಕ ಕುಂದಾನನ್ನು ಈ ಮನೆಯಲ್ಲಿ ಇಡುವುದೇ ಬೇಡವೆಂದು, ಎರಡು ದಿನ ಬಿಟ್ಟು ಅದನ್ನು ಚೀಲದಲ್ಲಿ ಕೂರಿಸಿಕೊಂಡು ಖಾನಾಪುರದ ಬಸ್ಸು ಹತ್ತಿದಳು. ಅಲ್ಲಿ ಅವಳ ಅಕ್ಕ ಮಾಯಕ್ಕನ ಮನೆ. ಮಡಿವಂತ ಮನೆ, ನಾಯಿಯ ನಾಲಗೆ ಅಲ್ಲಿ ಮತ್ತೆ ಹಾದಿಗೆ ಬರುತ್ತದೆ ಎಂಬ ಲೆಕ್ಕಾಚಾರ. ಮಾಯಕ್ಕ ಮನೆಗೆ ಹೊಸದೊಂದು ಖೋಲಿ ಸೇರಿಸಿ ಕಟ್ಟಿಸುತ್ತಿದ್ದಳು, ಅಂಗಳದಲ್ಲಿ ಮರಳಿನ ಗುಡ್ಡೆ ಇತ್ತು. ಕಾಂತಾ ಚಹಾ ಕುಡಿಯುತ್ತ ತರನ್ನುಮಳ ಕಥೆಯನ್ನು ಬಣ್ಣ ಹಚ್ಚಿ ಹೇಳುತ್ತಿದ್ದರೆ, ಕುಂದಾ ನೆಟ್ಟಗೆ ಮರಳಿನ ಗುಡ್ಡೆಗೆ ಹೋಯಿತು. ಹಳೇ ಗುರುತಿನ ಜಾಗವೇನೋ ಎಂಬಂತೆ ಮೂಸಿತು, ಕೆದರಿತು, ಸಿಕ್ಕಿದ್ದನ್ನು ಗಬಗಬ ತಿನ್ನತೊಡಗಿತು.

ಮಾಯಕ್ಕ ಲೋಟ ಕೆಳಗಿಟ್ಟು ನಕ್ಕಳು. "ನಮ್ಮ ಬೆಕ್ಕು ದಿನಾ ಹೊರಕಡಿಗೆ ಅಲ್ಲೇ ಹೋಗಿ ಬರತೈತಿ. ಸಣ್ಣ ನಾಯಿಗೋಳಿಗೆ ಅದಂದ್ರ ಜೀವ. ಮೊದಲ ಹೋಗಿ ಅದರ ಬಾಯಿ ತೊಳಿ ಕಾಂತಾ, ಇಲ್ಲಾಂದ್ರ ಬಂದು ನಿನ್ನ ಮಾರಿ ನೆಕ್ಕತೈತಿ."

ಕಾಂತಾ ಕೂತಲ್ಲಿಂದ ಏಳಲಿಲ್ಲ. ಬಾಯಿ ತೊಳಿ ಎಂಬ ಮಾತು ಅವಳ ಕಿವಿಯಲ್ಲೇ ನಿಂತುಬಿಟ್ಟಿತು. ಡಬ್ಬಾ. ಊಟದ ಡಬ್ಬಾ ಬೆಳಿಗ್ಗೆಯೇ ಇಶ್ತಿಯಾಕನ ಗಾಡಿಯಲ್ಲಿ ಹೋಗಿರುತ್ತದೆ. ಹೊರಗೆ ಬಾರದ ಬೆಕ್ಕಿಗೆ ಮನೆಯೊಳಗೇ ಒಂದು ಮರಳಿನ ಡಬ್ಬಾ ಬೇಕಲ್ಲವೇ? ಅವಳಿಗೇ ತಿಳಿಯದಂತೆ ಕೈ ಗಲ್ಲಕ್ಕೆ ಹೋಯಿತು, ದಿನಾ ಬೆಳಿಗ್ಗೆ ಕುಂದಾ ನೆಕ್ಕುತ್ತಿದ್ದ ಗಲ್ಲಕ್ಕೆ. ಹೇಸಿಗೆ ಬಂದದ್ದು ನಿಜ. ಆದರೆ ಹೇಸಿಗೆಗಿಂತ ಮೊದಲು ಬಂದದ್ದು ನಾಚಿಕೆ. ಊಟಕ್ಕೆ ನಿಲ್ಲು ಎಂದು ಮಾಯಕ್ಕ ಎಷ್ಟು ಹೇಳಿದರೂ ಕೇಳದೆ, ನಾಯಿಯನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು ಬೆಳಗಾವಿಯ ಬಸ್ಸು ಹಿಡಿದಳು.

ಹಿಂದಿನ ಮನೆಯ ಬಾಗಿಲಲ್ಲಿ ಕಟ್ಟಿಟ್ಟ ಗಂಟುಗಳಿದ್ದವು. ಕಾಂತಾ ನಾಯಿಯ ಚೀಲ ಹಿಡಿದೇ ಮೊದಲ ಸಲ ಆ ಹೊಸಿಲು ದಾಟಿದಳು. ಬಚ್ಚಲಿನ ಪಕ್ಕದಲ್ಲಿ, ಗ್ಯಾರೇಜಿನ ಎಣ್ಣೆ ಡಬ್ಬಾವನ್ನು ಉದ್ದಕ್ಕೆ ಕೊಯ್ದು, ಅಂಚು ಮಡಚಿ, ಮರಳು ತುಂಬಿಟ್ಟಿದ್ದರು. ಸುತ್ತ ಇಟ್ಟಿಗೆ, ಮೇಲೊಂದು ಬುಟ್ಟಿ, ಪಕ್ಕದಲ್ಲಿ ಮುರುಕು ಸ್ಟೂಲು. ಬೆಕ್ಕು ಹೋಗುವ ಸಂದಿಯಲ್ಲೆಲ್ಲ ಕುಂದಾನೂ ನುಗ್ಗುತ್ತದೆ, ಬಾಗಿಲು ಮುಚ್ಚಿದರೆ ಬೆಕ್ಕು ಹಾಸಿಗೆಯಲ್ಲಿ ಮಾಡುತ್ತದೆ, ಸ್ಟೂಲಿನ ಮೇಲಿಟ್ಟರೆ ನಾಯಿ ಅದನ್ನೂ ಹತ್ತುತ್ತದೆ, ಎತ್ತರಕ್ಕೆ ಒಂದು ಹಲಗೆ ಬಡಿಯುವುದೊಂದೇ ಉಳಿದಿತ್ತು ಎಂದು ತರನ್ನುಮ ಒಣ ದನಿಯಲ್ಲಿ ಹೇಳಿದಳು. ಕೂತುಕೊಳ್ಳಿ ಎಂದು ಮಾತ್ರ ಅನ್ನಲಿಲ್ಲ.

"ಕೇಳಿದ ದಿನಾನ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ ಕಾಕು? ದಿನಾ ಪೂಜಿ ಆದ ಮ್ಯಾಲೆ ಕಾಕಾರ ಕೈ ನೆಕ್ಕತೈತಿ, ನಿಮ್ಮ ಗಲ್ಲಾ ನೆಕ್ಕತೈತಿ. ಇದನ್ನ ಕೇಳಿದ್ರ ನೀವು ಅದನ್ನ ಮತ್ತ ಎತ್ತಿಕೋತಿದ್ರೇನು? ಮಟನ್ ತಿನ್ನಿಸ್ಯಾಳ ಅಂದ್ಕೊಂಡ್ರ ಸಿಟ್ಟು ನನ್ನ ಮ್ಯಾಲೆ ಅಷ್ಟ ಆಗತೈತಿ."

"ಮತ್ತ ಆ ಬಟ್ಟಿ?"

"ನಾಯಿ ಜೊಲ್ಲು ಹತ್ತಿದ ಬಟ್ಟ್ಯಾಗ ನಮಾಜ ಮಾಡಾಕ ಬರೂದಿಲ್ರೀ."

ಕಾಂತಾ ಮುಂದಿನ ಮನೆಗೆ ಹೋದಳು. ಬಾಳಪ್ಪ ಅಂಗಡಿಗೆಂದು ತಂದಿಟ್ಟಿದ್ದ ಸುತ್ತಿಗೆ, ಹಿಡಿ ಮೊಳೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

"ಎಲ್ಲಿ ಹೊಡೀಲಿ, ತೋರಸು."

"ಬ್ಯಾಡ್ರಿ. ಅವರು ಬ್ಯಾರೆ ಖೋಲಿ ನೋಡಾಕ ಹೋಗ್ಯಾರ."

ಕಾಂತಾ ತಾನೇ ಎತ್ತರ ನೋಡಿ ಮೊಳೆ ಇಟ್ಟು ಹೊಡೆದಳು. ಹಳೇ ಗೋಡೆ, ಮೊದಲ ಏಟಿಗೇ ಅಂಗೈಯಗಲದ ಗಿಲಾವು ಉದುರಿತು. ಬಾಳಪ್ಪನಿಗೂ ಮೊಳೆ ಹೊಡೆಯಲು ಕೊಡದ ಗೋಡೆ ಅದು. ಅವಳು ಎರಡನೆಯದನ್ನೂ ಇಟ್ಟಳು. ಇಬ್ಬರೂ ಮೇಲೆ ನೋಡುತ್ತಿದ್ದಾಗ ಕೆಳಗೆ ಕರಕರ ಸದ್ದಾಯಿತು. ಚೀಲದಿಂದ ಯಾವಾಗಲೋ ಇಳಿದ ಕುಂದಾ ಡಬ್ಬಾದಲ್ಲಿ ಮೂತಿ ತೂರಿಸಿ ನಿಂತಿತ್ತು.

ತರನ್ನುಮ ರೂಢಿಯಂತೆ ಅದನ್ನು ಎತ್ತಲು ಬಗ್ಗಿದಳು. ಕಾಂತಾ ಅವಳ ರಟ್ಟೆ ಹಿಡಿದಳು.

"ಬಿಡು, ನಿನ್ನ ನಮಾಜಿನ ಹೊತ್ತಾತು. ನಾ ತೊಳಿತೀನಿ."

ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಂತಾ ಕುಂದಾನ ಬಾಯಿಗೆ ಸಾಬೂನು ಹಚ್ಚಿದಳು. ಹಲ್ಲಿನ ಸಂದಿಯ ಮರಳನ್ನೂ ಬೆರಳಿನಿಂದ ತಿಕ್ಕಿ ತೆಗೆದಳು. ಹೋಗುತ್ತೀರೋ ಇರುತ್ತೀರೋ ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಹೊರಗೆ ತರನ್ನುಮ ಕಟ್ಟಿಟ್ಟ ಗಂಟುಗಳಲ್ಲಿ ಒಂದನ್ನು ಬಿಚ್ಚಿ, ಆ ಹಲಗೆಯನ್ನು ಹೊರಗೆ ತೆಗೆದಳು.