ಸೋಮಾರಿಯ ಅಜೀರ್ಣ

ಸೋಮಾರಿ ಮತ್ತೆ ಕಕ್ಕಿತ್ತು. ಗಾಜಿನ ಪೆಟ್ಟಿಗೆಯಲ್ಲಿ, ಮರಳಿನ ಮೇಲೆ, ಅರ್ಧ ಕರಗಿದ ಇಲಿ ಬಿದ್ದಿತ್ತು. ವಾಸನೆ ಅಡುಗೆಮನೆಯವರೆಗೂ ಹೋಗಿತ್ತು. ಕೈಗವಸು ಹಾಕಿಕೊಂಡು ಅದನ್ನು ತೆಗೆದೆ, ಒದ್ದೆಯಾದ ಮರಳನ್ನು ಬದಲಾಯಿಸಿದೆ.

ಸೋಮಾರಿ ನನ್ನ ಗಂಡ ಸಾಕಿದ್ದ ಮರುಭೂಮಿಯ ಹಾವು. ವಿಷವಿಲ್ಲ. ಗಿಡ್ಡ, ದಪ್ಪ, ಹಗಲೆಲ್ಲ ಮರಳಿನಲ್ಲಿ ಹೂತುಕೊಂಡು ಕಣ್ಣಷ್ಟನ್ನೇ ಹೊರಗಿಟ್ಟಿರುತ್ತದೆ. ಆ ಹೆಸರೂ ಅವನದೇ. ಅವನು ತೀರಿಕೊಂಡ ಮೇಲೆ ಮನೆಯಲ್ಲಿ ಅತ್ತೆ, ನಾನು ಮತ್ತು ಅದು.

"ಇದೂ ಹೋಗ್ಬಿಡುತ್ತಾ?" ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು.

"ನೋಡೋಣ ಅತ್ತೆ."

"ನೋಡೋಣ ನೋಡೋಣ ಅಂತ್ಲೇ ಅವನನ್ನೂ..." ಮಾತನ್ನು ಅಲ್ಲಿಗೇ ಬಿಟ್ಟು ಒಲೆ ಹಚ್ಚಲು ಹೋದರು.

ಹಾವನ್ನು ಕೈಗವಸಿನಲ್ಲೇ ಹಿಡಿದು ಬಟ್ಟೆಚೀಲದಲ್ಲಿಟ್ಟು ಪ್ರಾಣಿವೈದ್ಯರ ಬಳಿ ಒಯ್ದೆ. ಅವರು ಬಾಯಿ ತೆರೆಸಿ ನೋಡಿದರು, ಹೊಟ್ಟೆಯುದ್ದಕ್ಕೂ ಬೆರಳಾಡಿಸಿದರು. ಒಳಗೆ ಮರಳು ಗಂಟು ಕಟ್ಟಿರಲಿಲ್ಲ. ಹುಳುವೂ ಇರಲಿಲ್ಲ.

"ಪೆಟ್ಟಿಗೆಯ ಶಾಖ ಸರಿಯಾಗಿದ್ಯಾ?"

"ಒಂದು ತುದಿ ಬಿಸಿ, ಇನ್ನೊಂದು ತಂಪು. ದಿನಾ ಅಳೀತೀನಿ."

"ತಿಂದ್ಮೇಲೆ ಕೈಯಲ್ಲಿ ಎತ್ಕೋತೀರಾ?"

"ನಾನು ಅದನ್ನ ಮುಟ್ಟೋದೇ ಇಲ್ಲ ಡಾಕ್ಟ್ರೇ."

"ಹಾಗಾದ್ರೆ ನಂಗೂ ಗೊತ್ತಾಗ್ತಿಲ್ಲ. ಎರಡು ವಾರ ಬರೀ ನೀರು. ಆಮೇಲೆ ಒಂದೇ ಒಂದು ಮರಿ ಇಲಿ. ಅದನ್ನೂ ಕಕ್ಕಿದ್ರೆ ಉಳಿಯೋದು ಕಷ್ಟ."

ಆ ಎರಡು ವಾರ ಅತ್ತೆಗೂ ಊಟ ಸೇರಲಿಲ್ಲ. ಪೆಟ್ಟಿಗೆಯ ಮುಂದೆ ಹೋಗಿ "ನಾನೂ ಉಪವಾಸ ಕಣೋ" ಅನ್ನುವುದು, ಬರುವುದು.

ಗಡುವು ಮುಗಿದ ಬೆಳಿಗ್ಗೆ ಫ್ರೀಜರಿನಿಂದ ಮರಿ ಇಲಿ ತೆಗೆದು, ಬಿಸಿನೀರಿನಲ್ಲಿ ಹದಮಾಡಿ, ಮರಳು ಮೆತ್ತದಂತೆ ತಟ್ಟೆಯಲ್ಲಿಟ್ಟು ಕೊಟ್ಟೆ. ನುಂಗಿತು. ಕೆಲಸಕ್ಕೆ ಹೊರಟೆ. ಬಸ್ಸಿಗೆ ಕಾಯುವಾಗ ಕನ್ನಡಕ ಮರೆತದ್ದು ಗೊತ್ತಾಗಿ ಮನೆಗೆ ವಾಪಸು ಬಂದೆ.

ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ಹೆಗಲ ಮೇಲೆ ಟವೆಲ್, ಟವೆಲಿನ ಮೇಲೆ ಸೋಮಾರಿ. ಅದರ ಬೆನ್ನನ್ನು ಮೆಲ್ಲಗೆ ತಟ್ಟುತ್ತಿದ್ದರು.

"ಅತ್ತೆ, ಏನ್ಮಾಡ್ತಿದೀರ?"

"ತೇಗು ಬರ್ಲಿ ಅಂತ. ಅವ್ನೂ ಕೂಸಿದ್ದಾಗ ಕುಡಿದಿದ್ದನ್ನೆಲ್ಲ ಕಕ್ಕೋನು. ಹೀಗೆ ತಟ್ಟಿದ್ರೆ ನಿಲ್ತಿತ್ತು."

"ಪ್ರತಿ ಸಲಾನೂ ತಟ್ತೀರಾ?"

"ಇನ್ನೇನು ಮತ್ತೆ? ನೀನಂತೂ ತಟ್ಟೆ ಇಟ್ಟು ಹೊರಟುಬಿಡ್ತೀಯ."

"ಅದಕ್ಕೆ ತೇಗು ಬರಲ್ಲ ಅತ್ತೆ. ಬಂದ್ರೆ ಇಲೀನೇ ಬರೋದು. ತಿಂದ್ಮೇಲೆ ಅಲುಗಿಸಬಾರ್ದು."

ಕೈ ನಿಂತಿತು. "ಹಾಗಾದ್ರೆ ಇಷ್ಟು ದಿನ ನಾನೇನಾ?"

ನಾನು ಎರಡೂ ಕೈ ಒಡ್ಡಿ ಹಾವನ್ನು ತೆಗೆದುಕೊಂಡೆ. ಅದನ್ನು ನಾನು ಬರಿಗೈಯಲ್ಲಿ ಮುಟ್ಟಿದ್ದು ಅದೇ ಮೊದಲು. ಮೈ ಒಣಗಿತ್ತು. ಅತ್ತೆಯ ಹೆಗಲ ಶಾಖ ಇನ್ನೂ ಇತ್ತು. ಪೆಟ್ಟಿಗೆಯ ಬಿಸಿ ತುದಿಯಲ್ಲಿ ಇಳಿಸಿದೆ. ಮರಳೊಳಗೆ ಸರಿಯಿತು.

ಕಚೇರಿಗೆ ಫೋನ್ ಮಾಡಿ ರಜೆ ಹೇಳಿದೆ. ಇಬ್ಬರೂ ಪೆಟ್ಟಿಗೆಯ ಮುಂದೆ ಕೂತೆವು, ಅತ್ತೆ ಕುರ್ಚಿಯಲ್ಲಿ, ನಾನು ಅವರ ಕಾಲ ಬಳಿ ನೆಲದ ಮೇಲೆ. ಅವರು ಸೆರಗನ್ನು ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

"ಕೈ ಸುಮ್ನಿರಲ್ಲ ಕಣೇ."

ನಾನು ಹಿಂದಕ್ಕೆ ಸರಿದು ಅವರ ಮೊಣಕಾಲಿಗೆ ಒರಗಿದೆ. ಸ್ವಲ್ಪ ಹೊತ್ತಿಗೆ ಅಂಗೈ ನನ್ನ ಬೆನ್ನಿಗೆ ಬಂತು.

"ನೀನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ತಟ್ಟಿ ಏನು ಉಪಯೋಗ?" ಅಂದರು. ಆದರೂ ತಟ್ಟುತ್ತಲೇ ಇದ್ದರು. ನಾನು ಏಳಲಿಲ್ಲ.

ಸಂಜೆಯಾದರೂ ಇಲಿ ಹೊರಬರಲಿಲ್ಲ. ಮರುದಿನವೂ ಇಲ್ಲ.

ಒಂದು ವಾರದ ಮೇಲೆ ಮಧ್ಯಾಹ್ನ ಕಚೇರಿಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತೆಯ ಫೋನ್ ಬಂತು.

"ಮಾಡ್ತು ಕಣೇ."

"ಗಟ್ಟಿಯಾಗಿದ್ಯಾ?"

ಪಕ್ಕದಲ್ಲಿದ್ದವಳು ತನ್ನ ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು.

"ಚೆನ್ನಾಗಿದೆ. ಇಲಿ ಕೂದಲೆಲ್ಲ ಬಂದಿದೆ, ಪಕ್ಕದಲ್ಲಿ ಸುಣ್ಣದ ಹಾಗೆ ಬಿಳೀ ಉಚ್ಚೇನೂ ಇದೆ. ತೆಗೀಲಾ?"

"ಬೇಡ, ಇರ್ಲಿ ಅತ್ತೆ," ಅಂದೆ. "ನಾನೂ ಬಂದು ನೋಡ್ತೀನಿ."