ಮಂತ್ರಿ ಬಂದ ದಿನದ ಕ್ಯಾಸೆಟ್ಟು

ಬೆಳೆಗಾರರ ಸಂಘಕ್ಕೆ ಅಧ್ಯಕ್ಷನಾದ ಮೇಲೆ ರಾಜಶೇಖರ್ ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಹೆಚ್ಚಾಗಿತ್ತು. ಬೇರೆಯವರೆಲ್ಲ ಬೇಡವೆಂದದ್ದಕ್ಕೆ ಸಿಕ್ಕಿದ ಕುರ್ಚಿ ಅದು ಎಂದು ಅವನ ಹೆಂಡತಿ ಪಂಕಜಾಕ್ಷಿಗೆ ಗೊತ್ತಿತ್ತು. ಈಗ ಹೆಗ್ಗದ್ದೆಯ ತನ್ನ ಮನೆಯಲ್ಲಿ ಸಂಘದವರಿಗೆಲ್ಲ ಊಟ ಹಾಕಿಸಿ, ಆಮೇಲೆ ಆ ಮನೆಯ ಗೃಹಪ್ರವೇಶದ ಹಳೆಯ ವಿಡಿಯೊ ತೋರಿಸಬೇಕೆಂಬ ಹುಚ್ಚು ಅವನಿಗೆ ಹತ್ತಿತ್ತು. ಅವತ್ತು ಆಗಿನ ಮಂತ್ರಿಯೊಬ್ಬರು ಮಂಗಳೂರಿಗೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ, ಒಂದು ಲೋಟ ಪಾನಕ ಕುಡಿದು ಹೋಗಿದ್ದರು. ಆ ಪಾನಕದ ಕಥೆಯನ್ನು ರಾಜಶೇಖರ್ ಸಿಕ್ಕಸಿಕ್ಕವರಿಗೆಲ್ಲ ಇಂದಿಗೂ ಬಡಿಸುತ್ತಿದ್ದ.

ಬೀರುವಿನ ಮೇಲಿದ್ದ ಮೂರು ಕ್ಯಾಸೆಟ್ಟುಗಳನ್ನು ಇಳಿಸಿಕೊಂಡು ಗಂಡಹೆಂಡತಿ ಆಲೂರಿನ ಸ್ಟುಡಿಯೊಗೆ ಹೋದರು. ಹಳೆಯ ವಿಸಿಆರ್ ಅನ್ನು ಇನ್ನೂ ನಡೆಯುವ ಸ್ಥಿತಿಯಲ್ಲಿ ಇಟ್ಟುಕೊಂಡಿದ್ದವನು ಆ ಸ್ಟುಡಿಯೊದ ಮಂಜುನಾಥ್ ಒಬ್ಬನೇ. ಅವನು ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದ.

“ಬೂಷ್ಟು ಹಿಡ್ದೈತೆ ಸಾರ್. ಒರೆಸಿ ಹಾಕ್ಬೇಕು. ಒಂದು ಕ್ಯಾಸೆಟ್ಟಿಗೆ ಒಂದು ಡಿಸ್ಕ್ ಮಾಡುವಾ, ಆಗ ಚಿತ್ರ ಅಷ್ಟೊಂದು ಕೆಡಲ್ಲ.”

“ಮೂರೂ ಒಂದರಲ್ಲೇ ತುರುಕು. ಮೇಲೆ ನನ್ನ ಫೋಟೊ ಅಚ್ಚಾಕ್ಸು, ಬಂದೋರಿಗೆಲ್ಲ ಹಂಚ್ಬೇಕು. ಟೀವಿ ತುಂಬಾ ಬರಂಗೆ ಅಗಲ ಮಾಡು. ಅಕ್ಕಪಕ್ಕ ಕರೀ ಪಟ್ಟಿ ಕಂಡ್ರೆ ಬಡತನ ಕಂಡಂಗೆ ಆಯ್ತದೆ.”

“ಒಂದರಲ್ಲೇ ಅಂದ್ರೆ ಮುಖಗಳು ಚೌಕ ಚೌಕ ಒಡೀತವೆ ಸಾರ್. ಅಗಲ ಎಳೆದ್ರೆ ಜನ ದಪ್ಪ ಕಾಣ್ತಾರೆ.”

“ನೀನು ನಂಗೆ ಕಲಿಸ್ಬ್ಯಾಡ ಕಣಯ್ಯ. ಹೇಳಿದಷ್ಟು ಮಾಡು.”

ಟೇಪು ಓಡುತ್ತದೋ ಇಲ್ಲವೋ ನೋಡಲು ಮಂಜುನಾಥ್ ಒಂದು ಕ್ಯಾಸೆಟ್ಟನ್ನು ಒರೆಸಿ ಹಾಕಿದ. ಗೆರೆಗಳು ಓಡಾಡಿ, ಚಿತ್ರ ನಿಂತಿತು. ಹೊಸ ಮನೆಯ ಅಡಿಗೆಮನೆ. ನೆಲದ ಮೇಲೆ ಕಾಲು ಚಾಚಿ ಕೂತು ಹೋಳಿಗೆ ತಟ್ಟುತ್ತಿದ್ದ ಪಂಕಜಾಕ್ಷಿಯ ಅವ್ವ, ಹಣೆಯ ವಿಭೂತಿ ಬೆವರಿಗೆ ಕರಗಿ, ಕ್ಯಾಮರಾದವನಿಗೆ ಏನೋ ಹೇಳಿ ನಗುತ್ತಿದ್ದಳು. ಅವ್ವ ಹೋಗಿ ಹದಿನೆಂಟು ವರ್ಷವಾಗಿತ್ತು. ಆಕೆ ನಗುತ್ತ ಮಾತಾಡುವ ಚಿತ್ರ ಉಳಿದಿದ್ದು ಇದೊಂದೇ. ಪಂಕಜಾಕ್ಷಿ ಬೆಂಚಿನಿಂದ ಅರ್ಧ ಎದ್ದಳು.

“ಇದು ಅಡಿಗೆಮನೆ. ತೆಗೆದು ಬಿಸಾಕು,” ಎಂದ ರಾಜಶೇಖರ್. “ಮಂತ್ರಿ ಬರೋದ್ರಿಂದ ಶುರು ಮಾಡು.”

ಪಂಕಜಾಕ್ಷಿ ಗಂಡನ ಮುಖವನ್ನು ನೋಡಿದಳು. ಕೋಪ ಬರಲಿಲ್ಲ. ಕೋಪ ಮಾಡಿಕೊಳ್ಳುವಷ್ಟು ದೊಡ್ಡ ಮನುಷ್ಯನಾಗಿ ಅವನು ಕಾಣಲಿಲ್ಲ. ಚಪ್ಪಲಿಗೆ ಮೆತ್ತಿದ್ದನ್ನು ಕಲ್ಲಿಗೆ ಒರೆಸಿ ಮುಂದೆ ನಡೆಯುವಂತೆ ಎದ್ದು ಹೋಗಿ ಕಾರಿನಲ್ಲಿ ಕೂತಳು.

ಮರುದಿನ ಬಸ್ಸು ಹಿಡಿದು ಒಬ್ಬಳೇ ಆಲೂರಿಗೆ ಬಂದಳು. “ಅವ್ರು ಹೇಳಿದಂಗೆ ಒಂದು ಮಾಡಿ ಕೊಟ್ಬುಡಿ. ಅವ್ವ ಇರೋ ಕ್ಯಾಸೆಟ್ಟು ನಂಗೆ ಬೇರೆ ಡಿಸ್ಕಿಗೆ ಮಾಡ್ಕೊಡಿ. ಏನೂ ತೆಗೀಬ್ಯಾಡಿ, ಎಳೀಬ್ಯಾಡಿ. ಹೆಂಗೈತೋ ಹಂಗೇ ಇರ್ಲಿ.”

“ಸಾರ್‌ಗೆ ಹೇಳ್ಲಾ ಅಕ್ಕ?”

“ಅವ್ರಿಗೆ ಬೇಕಾಗಿರೋದು ಅವ್ರಿಗೆ ಸಿಗ್ತದಲ್ಲ, ಸಾಕು.”

ಊಟದ ದಿನ ಹಾಲ್ ತುಂಬ ಸಂಘದವರು. ರಾಜಶೇಖರ್ ತಾನೇ ಡಿಸ್ಕ್ ಹಾಕಿ ಟೀವಿಯ ಪಕ್ಕ ನಿಂತ, ಮಂತ್ರಿಯ ಜೊತೆ ತಾನೂ ಚೌಕಟ್ಟಿಗೆ ಸೇರಿಕೊಂಡಂತೆ. ಪರದೆಯ ಮೇಲೆ ಕುಂಬಳಕಾಯಿಯಷ್ಟು ಅಗಲದ ಬಿಳಿ ಆಕೃತಿಯೊಂದು ನಡೆದು ಬಂತು. ಮುಖವಿರಬೇಕಾದ ಕಡೆ ಬೂದು ಚೌಕಗಳು ಕುಣಿಯುತ್ತಿದ್ದವು.

“ಯಾರಪ್ಪ ಇದು? ನಿನ್ನ ಬಾಮೈದನಾ?” ಎಂದರು ಸಂಘದ ಹಿರಿಯ ಶಾಂತಮಲ್ಲಪ್ಪ.

“ಮಂತ್ರಿಗಳು ಕಣ್ರೀ. ಪಾನಕ ಕುಡೀತಾವ್ರಲ್ಲ.”

“ಲೋಟ ಕಾಣಾಕಿಲ್ವಲ್ಲ ಮಾರಾಯ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಒಬ್ಬೊಬ್ಬರೇ ಎಲೆ ಅಡಿಕೆಯ ತಟ್ಟೆಯ ಕಡೆ ಎದ್ದರು. ಪಂಕಜಾಕ್ಷಿಯ ಕೋಣೆಯಲ್ಲಿ, ಸೀರೆಗಳ ಕೆಳಗೆ, ಮಂತ್ರಿಯ ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟವಾದ ಡಿಸ್ಕ್ ಇತ್ತು. ತಂದುಕೊಟ್ಟರೆ ಗಂಡನ ಮಾನ ಉಳಿಯುತ್ತಿತ್ತು. ಅವಳು ಎಲ್ಲರಿಗೂ ಕಾಫಿ ಕೊಟ್ಟಳು.

ಜನ ಹೋದ ಮೇಲೆ ರಾಜಶೇಖರ್ ಫೋನಿನಲ್ಲಿ ಮಂಜುನಾಥನ ಮೇಲೆ ಹರಿಹಾಯ್ದ. ಪಂಕಜಾಕ್ಷಿ ಬಂದು ಫೋನು ಕಿತ್ತುಕೊಂಡಳು. “ನಿಮ್ಮದೇನೂ ತಪ್ಪಿಲ್ಲ ಮಂಜುನಾಥ್, ಇಡಿ,” ಎಂದು ಕತ್ತರಿಸಿ, ಗಂಡನ ಕಡೆ ತಿರುಗಿದಳು. “ನೀವು ಹೇಳಿದ್ದನ್ನೇ ಅವನು ಮಾಡಿದ್ದು. ಕೆಡ್ದೇ ಇರೋದು ನನ್ನತ್ರ ಐತೆ.”

“ಐತಾ? ಜನ ಇದ್ದಾಗ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?”

“ಅದ್ರಲ್ಲಿ ಅಡಿಗೆಮನೆ ಐತೆ.”

ಅವನಿಗೆ ಅದು ತಿಳಿಯಲಿಲ್ಲ. ಹಾಕು ಎಂದ. ಹಾಕಿದಳು. ಮಧ್ಯದಲ್ಲಿ ಚಿತ್ರ, ಎರಡೂ ಪಕ್ಕ ಕಪ್ಪು ಪಟ್ಟಿ. ಅವ್ವ ಹೋಳಿಗೆ ತಟ್ಟಿದಳು, ಯಾರನ್ನೋ ಗದರಿದಳು. “ಕ್ಯಾಮ್ರಾ ಆಮೇಲೆ ಹಿಡಿಯೋವಂತೆ, ಮೊದ್ಲು ಈ ತಟ್ಟೆ ಹಿಡ್ಕೊ,” ಎಂಬ ಅವಳ ದನಿ ಹಾಲ್‌ನಲ್ಲಿ ಕೇಳಿತು.

“ಮುಂದಕ್ಕೋಡ್ಸು.”

“ಓಡ್ಸಲ್ಲ.”

ರಾಜಶೇಖರ್ ಸ್ವಲ್ಪ ಹೊತ್ತು ಕೂತ. ಆಕಳಿಸಿದ. ಯಾರದೋ ಫೋನು ಬಂತೆಂದು ಅಂಗಳಕ್ಕೆ ಹೋದವನು ತಿರುಗಿ ಬರಲಿಲ್ಲ. ಒಳಗೆ ಮಂತ್ರಿ ಬಂದರು, ಪಾನಕ ಕುಡಿದರು, ಲೋಟ ಕೆಳಗಿಟ್ಟು ಹೊರಟರು. ಅವರ ಹಿಂದೆ ಕೈಮುಗಿದು ಓಡುತ್ತಿದ್ದ ತೆಳ್ಳನೆಯ ರಾಜಶೇಖರನ ಕಡೆ ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ. ಅಂಗಳದಿಂದ, ಸ್ಟುಡಿಯೊದವನು ಎಲ್ಲ ಹಾಳುಮಾಡಿಬಿಟ್ಟ ಎಂದು ಅವನು ಯಾರಿಗೋ ಹೇಳುವುದು ಕೇಳುತ್ತಿತ್ತು. ಪಂಕಜಾಕ್ಷಿ ಕರೆಯಲಿಲ್ಲ.

ಆ ವಾರವೇ ಡಿಸ್ಕ್ ತೆಗೆದುಕೊಂಡು ಮಗ್ಗೆಯಲ್ಲಿದ್ದ ತಂಗಿ ಸುಚಿತ್ರಾಳ ಮನೆಗೆ ಹೋದಳು. ಇಬ್ಬರೂ ಬಾಗಿಲು ಹಾಕಿಕೊಂಡು ಅವ್ವನನ್ನು ಎರಡು ಸಲ ನೋಡಿದರು. ಸುಚಿತ್ರಾ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು.

“ಭಾವ ನೋಡಿದ್ರಾ ಅಕ್ಕ?”

“ಕೂತಿದ್ರು,” ಎಂದಳು ಪಂಕಜಾಕ್ಷಿ. “ತಮ್ಮದೇ ಮುಖ ಬರೋ ಹೊತ್ತಿಗೆ ಎದ್ದೋದ್ರು. ಆ ಮುಖದಲ್ಲಿ ನೋಡೋವಂಥದ್ದು ಏನೂ ಇರ್ಲಿಲ್ಲ ಬಿಡು.”